ಕೀಲೆಣ್ಣೆಯ ಲೆಕ್ಕ

ನಾವು ದಿನವೂ ಆಡುವ 'ಎಣ್ಣೆ' ಎಂಬ ಮಾತಿನ ಒಡಲಲ್ಲಿ ಎಳ್ಳು ಅಡಗಿದೆ. ಎಳ್ಳಿನ ನೆಯ್ ಎಣ್ಣೆಯಾಯಿತು, ಬೆಳ್ಳನೆಯ ನೆಯ್ ಬೆಣ್ಣೆಯಾಯಿತು ಎಂದು ಭಾಷೆಯನ್ನು ಬಲ್ಲವರು ಹೇಳುತ್ತಾರೆ. ಎಳ್ಳಿನಿಂದ ಹೊರಟ ಈ ಮಾತು ಕಾಲಾಂತರದಲ್ಲಿ ಕುಸುಬಿ, ಸೇಂಗಾ, ಔಡಲಗಳ ಎಣ್ಣೆಗಳನ್ನೆಲ್ಲ ತನ್ನ ಬಳಗಕ್ಕೆ ಸೇರಿಸಿಕೊಂಡಿತು. ಭೂಮಿಯ ಗರ್ಭದಿಂದ ಬಂದ ಕಲ್ಲೆಣ್ಣೆಗೂ ಹಡಗಿನಲ್ಲಿ ಬಂದ ಸೀಮೆಎಣ್ಣೆಗೂ ಮನೆಯಲ್ಲಿ ಜಾಗ ಕೊಟ್ಟಿತು. ಈ ದೊಡ್ಡ ಬಳಗದಲ್ಲಿ ನನಗೆ ತುಂಬ ಪ್ರಿಯವಾದ ಮಾತೆಂದರೆ ಕೀಲೆಣ್ಣೆ. ಎತ್ತಿನ ಬಂಡಿಯ ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಹಚ್ಚುವ ಎಣ್ಣೆ ಅದು. ಸುಟ್ಟ ಹುಲ್ಲಿನ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಬಂಡಿಯ ಕೆಳಗೆ ತೂಗುಬಿಡುತ್ತಿದ್ದರು. ಗಾಲಿ ಕಿರುಗುಟ್ಟಿದರೆ ಸಾಕು, ಬಂಡಿಯವನು ಇಳಿದು, ಕೀಲು ಕಳಚಿ, ಎಣ್ಣೆ ಹಚ್ಚಿ, ಮುಂದಿನ ದಾರಿ ಹಿಡಿಯುತ್ತಿದ್ದನು.

ಬಂಡಿಯ ಕಾಲ ಬಹುಮಟ್ಟಿಗೆ ಮುಗಿಯಿತು. ಆದರೆ ಕೀಲೆಣ್ಣೆಯ ಕಾಲ ಮುಗಿಯಲಿಲ್ಲ. ನಮ್ಮ ಜೇವರ್ಗಿ ಕಾಲೋನಿಯ ಓಣಿಗಳಲ್ಲಿ ಇಂದು ಮನೆಗೊಂದರಂತೆ ನಿಂತಿರುವ ಕಾರುಗಳ ಎಂಜಿನುಗಳೊಳಗೆ ಮೂರು, ಮೂರೂವರೆ ಲೀಟರಿನಷ್ಟು ಕೀಲೆಣ್ಣೆ ಇದ್ದೇ ಇದೆ. ಅದನ್ನು ನಾವು ಎಂಜಿನ್ ಆಯಿಲ್ ಎಂದು ಕರೆಯುತ್ತೇವೆ. ಔಡಲದ ನಂಟು ಅದಕ್ಕೂ ಇಲ್ಲದೆ ಇಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬ ವ್ಯಾಪಾರಿಯ ಸಂಸ್ಥೆ 1909ರಲ್ಲಿ ತನ್ನ ಹೊಸ ಮೋಟಾರು ಎಣ್ಣೆಗೆ ಔಡಲೆಣ್ಣೆಯನ್ನು ಬೆರೆಸಿ, ಔಡಲದ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಕ್ಯಾಸ್ಟ್ರಾಲ್ ಎಂಬ ಹೆಸರನ್ನು ಕಟ್ಟಿತು. ನಮ್ಮ ಬಂಡಿಕಾರನ ತಿಳಿವಳಿಕೆಗೂ ಆ ಸಾಹೇಬನ ತಿಳಿವಳಿಕೆಗೂ ಇದ್ದ ಅಂತರ ನಾವು ಭಾವಿಸುವಷ್ಟು ದೊಡ್ಡದಲ್ಲ.

ಆದರೆ ಒಂದು ವ್ಯತ್ಯಾಸ ಉಂಟು. ಎಣ್ಣೆ ಒಣಗಿದ ಗಾಲಿ ಕೂಗಿ ಹೇಳುತ್ತಿತ್ತು, ಎಂಜಿನು ಕೂಗುವುದಿಲ್ಲ. ಅದು ಕೂಗುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ. ಆದಕಾರಣ ಎಣ್ಣೆಯನ್ನೂ ಅದನ್ನು ಸೋಸುವ ಫಿಲ್ಟರನ್ನೂ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂಬ ಪ್ರಶ್ನೆಯನ್ನು ಕಿವಿಯಿಂದಲ್ಲ, ಲೆಕ್ಕದಿಂದ ಬಿಡಿಸಬೇಕಾಗಿದೆ. ಆ ಲೆಕ್ಕ ಯಾವುದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ನಮ್ಮ ಓಣಿಯ ಒಬ್ಬ ಬಾಡಿಗೆ ಕಾರಿನ ಚಾಲಕರು. ಸಾಲ ಮಾಡಿ ಕೊಂಡ ಕಾರು. ತಿಂಗಳಿಗೆ ಸುಮಾರು 5,000 ಕಿಲೋಮೀಟರು ಓಡುತ್ತದೆ. ರೋಗಿಗಳನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ಯುವುದು, ಮದುವೆಯ ಬೀಗರನ್ನು ಕಮಲಾಪುರಕ್ಕೆ, ಹುಮನಾಬಾದಿಗೆ ಮುಟ್ಟಿಸುವುದು ಅವರ ವೃತ್ತಿ. ಒಂದು ಸಂಜೆ ಅವರು ಕೇಳಿದರು: "ಮಾಸ್ತರ್ರೆ, ಕಾರಿನ ಪುಸ್ತಕದಾಗ ಹತ್ತು ಸಾವಿರಕ್ಕೊಮ್ಮೆ ಎಣ್ಣಿ ಬದಲಿ ಮಾಡ್ರಿ ಅಂತ ಬರದಾರ. ಗ್ಯಾರೇಜಿನ ಉಸ್ತಾದರು ಐದು ಸಾವಿರ ಅಂತಾರ. ಯಾರ ಮಾತು ಕೇಳಬೇಕ್ರಿ?"

ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ವರ್ಷಕ್ಕೆ 60,000 ಕಿಲೋಮೀಟರು ಓಡುವವರಿಗೆ ಇದು ಆರು ಸಲವೋ ಹನ್ನೆರಡು ಸಲವೋ ಎಂಬ ಪ್ರಶ್ನೆ. ಒಂದು ಸಲಕ್ಕೆ ಎಣ್ಣೆ, ಫಿಲ್ಟರು, ಕೂಲಿ ಸೇರಿ ಎರಡೂವರೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 15,000 ರೂಪಾಯಿಗಳ ಅಂತರ. ಅದು ಒಂದು ಮಗುವಿನ ಶಾಲೆಯ ಶುಲ್ಕವಾಗಬಹುದು, ಸಾಲದ ಒಂದು ಕಂತಾಗಬಹುದು. ಇನ್ನೊಂದು ಕಡೆ ಉಳಿತಾಯ ಮಾಡಲು ಹೋಗಿ ಎಂಜಿನೇ ಕೆಟ್ಟರೆ ಸಂಸಾರದ ಅನ್ನವೇ ನಿಂತುಹೋಗುತ್ತದೆ. ಆದ್ದರಿಂದ ಸುಲಭವಾಗಿ ಒಂದು ಸಂಖ್ಯೆಯನ್ನು ಹೇಳಿ ಕೈತೊಳೆದುಕೊಳ್ಳಲು ನನ್ನಿಂದಾಗಲಿಲ್ಲ.

ಮೊದಲು ಎಣ್ಣೆ ಎಂಜಿನಿನೊಳಗೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಲೋಹ ಲೋಹವನ್ನು ಉಜ್ಜದಂತೆ ಅವುಗಳ ನಡುವೆ ತೆಳ್ಳನೆಯ ಪೊರೆಯಾಗಿ ನಿಲ್ಲುವುದು ಅದರ ಮೊದಲ ಕೆಲಸ. ಈ ಪೊರೆಯ ದಪ್ಪ ಹಲವೆಡೆ ಕೆಲವೇ ಮೈಕ್ರಾನು, ಎಂದರೆ ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ನೀರು ತಲುಪದ ಕಡೆಗಳಿಂದ ಬಿಸಿಯನ್ನು ಹೊತ್ತು ತರುವುದು ಎರಡನೆಯ ಕೆಲಸ. ಉರಿದ ಇಂಧನದ ಮಸಿಯನ್ನು ತೊಳೆದು ತನ್ನಲ್ಲಿ ತೇಲಿಸಿಕೊಳ್ಳುವುದು ಮೂರನೆಯದು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಮುಚ್ಚುವುದು, ತುಕ್ಕು ಹಿಡಿಯದಂತೆ ಕಾಯುವುದು, ಉರಿಯುವಿಕೆಯಲ್ಲಿ ಹುಟ್ಟುವ ಆಮ್ಲವನ್ನು ಶಮನಗೊಳಿಸುವುದು ಉಳಿದ ಕೆಲಸಗಳು. ಇಷ್ಟನ್ನೂ ಬರಿಯ ಎಣ್ಣೆ ಮಾಡಲಾರದು. ಅದರಲ್ಲಿ ತೊಳೆಯುವ ದ್ರವ್ಯ, ಮಸಿಯನ್ನು ಮುದ್ದೆಗಟ್ಟದಂತೆ ಹರಡಿಡುವ ದ್ರವ್ಯ, ಸವೆತವನ್ನು ತಡೆಯುವ ಸತು ಮತ್ತು ರಂಜಕದ ಸಂಯುಕ್ತ ಮೊದಲಾದವನ್ನು ಬೆರೆಸಿರುತ್ತಾರೆ. ಎಣ್ಣೆ ಮುಪ್ಪಾಗುವುದೆಂದರೆ ಬಹುಪಾಲು ಈ ದ್ರವ್ಯಗಳು ದುಡಿದು ಮುಗಿಯುವುದು, ಮತ್ತು ಬಿಸಿಗೆ ಸಿಕ್ಕಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತ ಹೋಗುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಅಳತೆಯ ಕಡ್ಡಿಯನ್ನು ಎಳೆದು ನೋಡಿ, ಎಣ್ಣೆ ಕಪ್ಪಾಗಿದೆ, ಆದ್ದರಿಂದ ಕೆಟ್ಟಿದೆ ಎಂದು ನಾವು ತೀರ್ಮಾನಿಸುತ್ತೇವೆ. ತೊಳೆಯುವ ದ್ರವ್ಯವಿಲ್ಲದ ಹಿಂದಿನ ಎಣ್ಣೆಗಳು ಬೇಗ ಕಪ್ಪಾಗುತ್ತಿರಲಿಲ್ಲ. ಏಕೆಂದರೆ ಕೊಳೆಯನ್ನು ಅವು ಎಂಜಿನಿನ ಮೂಲೆಗಳಲ್ಲೇ ಬಿಟ್ಟುಬಿಡುತ್ತಿದ್ದವು. ಇಂದಿನ ಎಣ್ಣೆ ಕಪ್ಪಾಗುವುದು ಕೊಳೆಯನ್ನು ತಾನು ಹೊತ್ತುಕೊಂಡದ್ದರಿಂದ. ಡೀಸೆಲ್ ಎಂಜಿನಿನಲ್ಲಂತೂ ಹೊಸ ಎಣ್ಣೆ ಕೆಲವು ನೂರು ಕಿಲೋಮೀಟರಿನೊಳಗೇ ಕಪ್ಪಾಗುತ್ತದೆ. ಅದು ಹೊಸ ಎಣ್ಣೆಯೇ, ಕೆಲಸಕ್ಕೆ ಇಳಿದಿದೆ ಅಷ್ಟೆ. ಮನೆಯ ಮುಸುರೆ ತಿಕ್ಕುವ ಹೆಣ್ಣುಮಗಳ ಕೈ ಮಸಿಯಾಗಿದೆಯೆಂದು ಅವಳನ್ನು ಕೊಳಕಿ ಎನ್ನುವುದುಂಟೆ? ಬಣ್ಣವನ್ನು ನೋಡಿ ಎಣ್ಣೆಯನ್ನು ಚೆಲ್ಲುವುದು ಅಂಥದೇ ತೀರ್ಪು. ಆದರೆ ಹಾಲು ಬೆರೆತ ಚಹದಂತೆ ಎಣ್ಣೆ ಬೆಳ್ಳಗೆ ಕದಡಿದ್ದರೆ ಅದರಲ್ಲಿ ನೀರು ಸೇರಿದೆ ಎಂದು ತಿಳಿದು ಕೂಡಲೇ ಬಲ್ಲವರಿಗೆ ತೋರಿಸಬೇಕು.

ಇನ್ನು ಫಿಲ್ಟರಿನ ವಿಚಾರ. ಆರಂಭದ ಮೋಟಾರುಗಳಲ್ಲಿ ಎಣ್ಣೆಯನ್ನು ಸೋಸುವ ಒಳ್ಳೆಯ ವ್ಯವಸ್ಥೆ ಇರಲಿಲ್ಲ. ಆದ್ದರಿಂದ ಮತ್ತೆ ಮತ್ತೆ ಎಣ್ಣೆಯನ್ನು ಚೆಲ್ಲಬೇಕಾಗುತ್ತಿತ್ತು. 1920ರ ದಶಕದ ಮೊದಲಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲೆಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬ ಇಬ್ಬರು ಮೋಟಾರಿಗೆ ಎಣ್ಣೆ ಶೋಧಕವೊಂದನ್ನು ರೂಪಿಸಿ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ಶುದ್ಧ, ಎಣ್ಣೆ, ಆಮೇಲೆ ಎಂಬ ಮೂರು ಇಂಗ್ಲಿಷ್ ಪದಗಳನ್ನು ಅವಸರದಲ್ಲಿ ಕೂಡಿಸಿದಂತೆ ಇದೆ ಆ ಹೆಸರು. ಇಂದಿನ ಫಿಲ್ಟರು ಮಡಿಕೆ ಮಡಿಕೆಯಾದ ಕಾಗದದ್ದು. ಸಾಮಾನ್ಯವಾಗಿ ಅದು 20ರಿಂದ 40 ಮೈಕ್ರಾನಿನ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಸಣ್ಣವು ಬಹಳಷ್ಟು ನುಸುಳಿಹೋಗುತ್ತವೆ. ಕಾಗದ ಕೊಳೆಯಿಂದ ಕಟ್ಟಿಕೊಂಡಾಗ ಎಂಜಿನು ಎಣ್ಣೆಯಿಲ್ಲದೆ ಒಣಗಬಾರದೆಂದು ಅದರಲ್ಲಿ ಒಂದು ಪಕ್ಕದ ಬಾಗಿಲನ್ನು ಇಟ್ಟಿರುತ್ತಾರೆ. ಫಿಲ್ಟರು ಕಟ್ಟಿದರೆ ಆ ಬಾಗಿಲು ತೆರೆದುಕೊಂಡು ಸೋಸದ ಎಣ್ಣೆಯೇ ಎಂಜಿನಿಗೆ ಹೋಗುತ್ತದೆ. ಕಾರು ಓಡುತ್ತಲೇ ಇರುತ್ತದೆ. ಒಳಗೆ ಮಾತ್ರ ಮರಳು ಕಾಗದದ ಕೆಲಸ ನಡೆದಿರುತ್ತದೆ. ಹೊಸ ಎಣ್ಣೆ ಹಾಕಿ ಹಳೆಯ ಫಿಲ್ಟರನ್ನು ಉಳಿಸಿಕೊಳ್ಳುವುದು ಎಂದರೆ ಮಿಂದು ಬಂದು ಮಾಸಿದ ಬಟ್ಟೆಯನ್ನೇ ಉಟ್ಟಂತೆ. ಎಣ್ಣೆಗೆ ಹೋಲಿಸಿದರೆ ಫಿಲ್ಟರಿನ ಬೆಲೆ ಅಲ್ಪ. ಪ್ರತಿ ಸಲವೂ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಸರಿ.

ಈಗ ಸಂಖ್ಯೆಗೆ ಬರೋಣ. ಇಂದು ನಮ್ಮ ದೇಶದಲ್ಲಿ ಮಾರಾಟವಾಗುವ ಹಲವು ಪೆಟ್ರೋಲ್ ಕಾರುಗಳ ಪುಸ್ತಕದಲ್ಲಿ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದು ಬರೆದಿರುತ್ತದೆ. ಐದು ಸಾವಿರದ ಸಂಖ್ಯೆ ಅದಕ್ಕಿಂತ ಹಳೆಯದು. ಅಮೆರಿಕದಲ್ಲಿ 3,000 ಮೈಲಿಗೊಮ್ಮೆ ಎಂಬ ನಿಯಮ ಬಹುಕಾಲ ಬಳಕೆಯಲ್ಲಿತ್ತು. ಮೂರು ಸಾವಿರ ಮೈಲಿ ಎಂದರೆ ಹತ್ತಿರ ಹತ್ತಿರ ಐದು ಸಾವಿರ ಕಿಲೋಮೀಟರು. ಎಂಜಿನುಗಳ ಕಟ್ಟಣೆಯೂ ಎಣ್ಣೆಯ ಗುಣವೂ ಸುಧಾರಿಸಿದ ಮೇಲೆಯೂ ಆ ಸಂಖ್ಯೆ ಜನರ ಬಾಯಲ್ಲಿ ಉಳಿಯಿತು. ಕಡೆಗೆ ಕ್ಯಾಲಿಫೋರ್ನಿಯಾ ರಾಜ್ಯದ ತ್ಯಾಜ್ಯ ನಿರ್ವಹಣೆಯ ಇಲಾಖೆಯೇ, ಅನಗತ್ಯವಾಗಿ ಎಣ್ಣೆ ಚೆಲ್ಲಬೇಡಿರಿ, ನಿಮ್ಮ ಕಾರಿನ ಪುಸ್ತಕವನ್ನು ತೆರೆದು ನೋಡಿರಿ ಎಂದು ಜನರಿಗೆ ತಿಳಿಹೇಳಬೇಕಾಯಿತು.

ಹಾಗಾದರೆ ಪುಸ್ತಕದ ಮಾತೇ ಕೊನೆಯ ಮಾತೆ? ಹೌದು, ಆದರೆ ಪುಸ್ತಕವನ್ನು ಪೂರ್ತಿ ಓದಿದವರಿಗೆ ಮಾತ್ರ. ಹಳೆಯ ಗ್ರಂಥಗಳಲ್ಲಿ ಮೂಲಕ್ಕಿಂತ ಟೀಕೆಯಲ್ಲಿ ಹೆಚ್ಚು ತಿಳಿವು ಇರುವಂತೆ, ಕಾರಿನ ಪುಸ್ತಕದಲ್ಲೂ ದೊಡ್ಡ ಅಕ್ಷರದ ಸಂಖ್ಯೆಯ ಕೆಳಗೆ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ಬಹಳ ಧೂಳಿನ ರಸ್ತೆ, ಬಹಳ ಬಿಸಿಲು, ಎಂಜಿನು ಪೂರ್ತಿ ಬಿಸಿಯಾಗದಷ್ಟು ಚಿಕ್ಕ ಚಿಕ್ಕ ಪ್ರಯಾಣ, ನಿಂತಲ್ಲೇ ಬಹುಹೊತ್ತು ಎಂಜಿನು ಓಡಿಸುವುದು, ಭಾರ ಎಳೆಯುವುದು: ಇವು ಕಠಿಣ ಬಳಕೆ, ಇಂಥಲ್ಲಿ ಅವಧಿಯನ್ನು ತಗ್ಗಿಸಬೇಕು, ಎಂದು ಅಲ್ಲಿ ಹೇಳಿರುತ್ತದೆ. ಹಲವು ತಯಾರಕರು ಅದನ್ನು ಅರ್ಧಕ್ಕೇ ಇಳಿಸುತ್ತಾರೆ.

ಈ ಪಟ್ಟಿಯನ್ನು ಓದುವಾಗ ಅದನ್ನು ಬರೆದವನು ನಮ್ಮ ಕಲಬುರಗಿಯಲ್ಲೇ ಕುಳಿತು ಬರೆದನೋ ಎಂಬ ಸಂಶಯ ಬರುತ್ತದೆ. ಬಿಸಿಲಿನ ಮಾತು ಹೇಳಬೇಕಾಗಿಯೇ ಇಲ್ಲ. ಮೇ ತಿಂಗಳಲ್ಲಿ ಉಷ್ಣತೆ 42, 43 ಡಿಗ್ರಿಗೆ ಏರುವುದು ಇಲ್ಲಿ ಸುದ್ದಿಯೇ ಅಲ್ಲ. ಧೂಳಿಗೂ ಬರವಿಲ್ಲ. ಶಹಾಬಾದಿನ ಕಲ್ಲಿನ ಗಣಿಗಳು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟಿನ ಕಾರ್ಖಾನೆಗಳು, ಹೊಲದಿಂದ ರಸ್ತೆಗೆ ಬಂದು ಒಣಗಿ ಪುಡಿಯಾಗುವ ಎರೆಮಣ್ಣು ಎಲ್ಲವೂ ಸೇರಿ ಇಲ್ಲಿಯ ಗಾಳಿಯನ್ನು ದಪ್ಪ ಮಾಡಿವೆ. ರಾಷ್ಟ್ರಕೂಟರ ರಾಜಧಾನಿಯಾಗಿ ಕವಿರಾಜಮಾರ್ಗದ ಕಾಲವನ್ನು ಕಂಡ ಮಳಖೇಡದ ದಾರಿಯಲ್ಲೂ ಇಂದು ಸಿಮೆಂಟಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತಲೇ ಹೋಗಬೇಕು. ಈ ಧೂಳಿನಲ್ಲಿ ಗಾಜಿನಷ್ಟು ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಗಾಳಿಯ ಫಿಲ್ಟರು ಹರಿದಿದ್ದರೆ ಅಥವಾ ಸರಿಯಾಗಿ ಕೂಡದಿದ್ದರೆ ಅವು ನೇರವಾಗಿ ಎಂಜಿನನ್ನು ಸೇರುತ್ತವೆ. ಆದ್ದರಿಂದ ನಮ್ಮ ಕಡೆ ಎಣ್ಣೆಯ ಆರೋಗ್ಯವನ್ನು ಕಾಯುವವರಲ್ಲಿ ಗಾಳಿಯ ಫಿಲ್ಟರಿಗೂ ಪಾಲುಂಟು, ಅದನ್ನು ಮರೆಯಬಾರದು.

ಬಿಸಿಲು, ಧೂಳುಗಳು ಎಲ್ಲರಿಗೂ ಕಾಣುತ್ತವೆ. ಕಾಣದ ಶತ್ರು ಮತ್ತೊಂದಿದೆ. ಅದು ಚಿಕ್ಕ ಪ್ರಯಾಣ. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನು ತಣ್ಣಗಿರುವಾಗ ಅದರಲ್ಲಿ ಸ್ವಲ್ಪ ಪಾಲು, ಅರೆಬರೆ ಉರಿದ ಪೆಟ್ರೋಲಿನ ಸಂಗಡ, ಪಿಸ್ಟನ್ನಿನ ಪಕ್ಕದಿಂದ ಜಾರಿ ಎಣ್ಣೆಗೆ ಸೇರುತ್ತದೆ. ದೂರದ ಪ್ರಯಾಣದಲ್ಲಿ ಎಣ್ಣೆ 90, 100 ಡಿಗ್ರಿಯವರೆಗೆ ಬಿಸಿಯಾಗಿ ಈ ನೀರೂ ಪೆಟ್ರೋಲೂ ಆವಿಯಾಗಿ ಹೊರಟುಹೋಗುತ್ತವೆ. ಆದರೆ ಜೇವರ್ಗಿ ಕಾಲೋನಿಯಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ಸೂಪರ್ ಮಾರ್ಕೆಟ್ಟಿಗೆ, ಸೋಮವಾರ ಶರಣಬಸವೇಶ್ವರರ ಗುಡಿಗೆ ಹೋಗಿಬರುವ ಕಾರಿಗೆ ಆ ಬಿಸಿ ಏರುವುದೇ ಇಲ್ಲ. ನೀರಿನ ಮುಳ್ಳು ಮೇಲೇರಿದರೂ ಎಣ್ಣೆ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಹೀಗೆ ನೀರು ಉಳಿದು, ಆಮ್ಲ ಬೆಳೆದು, ಎಣ್ಣೆ ದಿನದಿನಕ್ಕೆ ಹಳಸುತ್ತದೆ.

ಇದರಿಂದ ಹೊರಡುವ ತಾತ್ಪರ್ಯ ವಿಚಿತ್ರವಾಗಿದೆ. ನಿವೃತ್ತನಾದ ನನ್ನಂಥವನ ಕಾರು ತಿಂಗಳಿಗೆ 200 ಕಿಲೋಮೀಟರು, ವರ್ಷಕ್ಕೆ 2,400 ಕಿಲೋಮೀಟರು ಓಡುತ್ತದೆ. ಹತ್ತು ಸಾವಿರ ಮುಟ್ಟಲು ನಾಲ್ಕು ವರ್ಷಕ್ಕೂ ಮಿಗಿಲಾದ ಕಾಲ ಬೇಕು. ನಾವು ಸಾಧುಗಳು, ಕಾರಿಗೆ ಕಷ್ಟ ಕೊಡುವವರಲ್ಲ ಎಂದು ನಾವು ತಿಳಿದಿರುತ್ತೇವೆ. ಆದರೆ ಎಣ್ಣೆಯ ದೃಷ್ಟಿಯಿಂದ ನೋಡಿದರೆ ಹೆದ್ದಾರಿಯಲ್ಲಿ ದಿನಕ್ಕೆ 200 ಕಿಲೋಮೀಟರು ಓಡುವ ಬಾಡಿಗೆಯವರ ಬಳಕೆ ಸುಲಭದ್ದು, ನಮ್ಮದೇ ಕಠಿಣದ್ದು. ಇಂಥ ಕಾರಿಗೆ ಮೀಟರಿನ ಸಂಖ್ಯೆ ದಾರಿ ತೋರಿಸುವುದಿಲ್ಲ, ಪಂಚಾಂಗ ತೋರಿಸುತ್ತದೆ. 'ಯಾವುದು ಮೊದಲೋ ಅದು' ಎಂಬ ಮೂರು ಪದಗಳೇ ನಮಗೆ ಮುಖ್ಯ. ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಬೇಕು. ಒಂದೆರಡು ಕಿಲೋಮೀಟರಿನ ತಿರುಗಾಟವೇ ನಿತ್ಯದ್ದಾಗಿದ್ದರೆ ಆರು ತಿಂಗಳಿಗೊಮ್ಮೆ. ಇದಲ್ಲದೆ ವಾರಕ್ಕೊಮ್ಮೆಯಾದರೂ ಕಾರನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಊರ ಹೊರಗೆ ಓಡಿಸುವುದು ಒಳ್ಳೆಯದು. ಕಟ್ಟಿಸಂಗಾವಿಯ ಸೇತುವೆಯವರೆಗೆ ಹೋಗಿ ಭೀಮೆಯನ್ನು ನೋಡಿ ಬರಬಹುದು. ಕಮಲಾಪುರದ ಕಡೆ ಹೋಗಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತರಬಹುದು. ಎಣ್ಣೆಯೂ ಒಣಗುತ್ತದೆ, ಮನಸ್ಸೂ ಹಗುರಾಗುತ್ತದೆ.

ಇನ್ನು ನಮ್ಮ ಚಾಲಕರ ಪ್ರಶ್ನೆ. ಅವರದು ಬಹುಪಾಲು ಹೆದ್ದಾರಿಯ ಓಟ. ಅದು ಹತ್ತು ಸಾವಿರದ ಪಕ್ಷ. ಆದರೆ ಮದುವೆ ಮಂಟಪದ ಹೊರಗೆ, ಆಸ್ಪತ್ರೆಯ ಅಂಗಳದಲ್ಲಿ, ಬೇಸಿಗೆಯ ನಡುಹಗಲಿನಲ್ಲಿ, ಒಳಗೆ ಕುಳಿತವರಿಗೆ ತಂಪು ಬೇಕೆಂದು ಎಂಜಿನು ಗಂಟೆಗಟ್ಟಲೆ ನಿಂತಲ್ಲೇ ಓಡುತ್ತದೆ. ಆಗ ಮೀಟರು ಒಂದು ಅಂಕಿಯೂ ಸರಿಯುವುದಿಲ್ಲ, ಎಣ್ಣೆ ಮಾತ್ರ ದುಡಿಯುತ್ತಲೇ ಇರುತ್ತದೆ. ಒಂದು ಗಂಟೆ ಹೀಗೆ ನಿಂತು ಓಡಿದರೆ ಸುಮಾರು 50 ಕಿಲೋಮೀಟರಿನ ದುಡಿಮೆಗೆ ಸಮ ಎಂದು ಲೆಕ್ಕ ಹಿಡಿಯುವ ತಯಾರಕರಿದ್ದಾರೆ. ನಾನು ಅವರಿಗೆ ಒಂದು ಪುಟ್ಟ ವಹಿಯನ್ನು ಕೊಟ್ಟು, ನಿಂತು ಓಡಿದ ಗಂಟೆಗಳನ್ನು ಬರೆದಿಡಿರಿ ಎಂದೆನು. ಎರಡು ತಿಂಗಳ ಲೆಕ್ಕ ಬಂದಿತು. ದಿನಕ್ಕೆ ಸರಾಸರಿ ಒಂದು ಗಂಟೆ. ಎಂದರೆ ತಿಂಗಳಿಗೆ ಮೀಟರಿನ 5,000ದ ಮೇಲೆ ಕಾಣದ 1,500 ಕಿಲೋಮೀಟರು. ಹೀಗಾಗಿ ಮೀಟರಿನಲ್ಲಿ ಏಳೂವರೆ ಸಾವಿರ ಆಗುವ ಹೊತ್ತಿಗೆ ಎಂಜಿನಿನ ದುಡಿಮೆ ಹತ್ತು ಸಾವಿರದ ಹತ್ತಿರ ಬಂದಿರುತ್ತದೆ. ವರ್ಷಕ್ಕೆ ಎಂಟು ಸಲ ಎಂದು ನಿರ್ಧಾರವಾಯಿತು. ಹನ್ನೆರಡಕ್ಕೆ ಹೋಲಿಸಿದರೆ ನಾಲ್ಕು ಸಲದ ಖರ್ಚು, ಹತ್ತು ಸಾವಿರ ರೂಪಾಯಿ, ಉಳಿಯಿತು, ಎಂಜಿನಿಗೂ ಅನ್ಯಾಯವಾಗಲಿಲ್ಲ.

ಈ ಲೆಕ್ಕವನ್ನು ಉಸ್ತಾದರ ಮುಂದೆಯೂ ಇಟ್ಟೆವು. ಅವರು ಸಿಟ್ಟಾಗಲಿಲ್ಲ. ನಕ್ಕು ಹೇಳಿದರು: "ಮಾಸ್ತರ್ರೆ, ನಿಮ್ಮ ಲೆಕ್ಕ ಖರೆ ಅದ. ಆದ್ರ ನಾ ಐದು ಅಂದ್ರ ಮಂದಿ ಏಳಕ್ಕ ಬರ್ತಾರ. ಹತ್ತು ಅಂದ್ರ ಹದಿನೈದಕ್ಕ ಬರ್ತಾರ. ಎಂಜಿನ್ ಕೂತ ಮ್ಯಾಲ ನನ್ನ ಮುಂದ ಬಂದು ಕಣ್ಣೀರು ಹಾಕಿದ್ರ ನಾ ಏನ್ ಮಾಡ್ಲಿ?" ಪುಸ್ತಕ ಬರೆದವನು ಎಂಜಿನನ್ನು ಬಲ್ಲನು; ಉಸ್ತಾದರು ಮನುಷ್ಯರನ್ನು ಬಲ್ಲರು. ಅವರ ಐದು ಸಾವಿರದಲ್ಲಿ ನಮ್ಮ ಸೋಮಾರಿತನಕ್ಕೆ ಮೊದಲೇ ಕಡಿದಿಟ್ಟ ಎರಡು ಸಾವಿರ ಇತ್ತೆಂಬುದು ಆಗ ತಿಳಿಯಿತು.

ಅವರ ಮಾತು ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ನಮ್ಮ ಬಡಾವಣೆಯಲ್ಲೇ ನಿದರ್ಶನವಿದೆ. ಹಳೆಯ ವ್ಯಾನೊಂದನ್ನು ಕೊಂಡು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಒಬ್ಬರು, ಎಣ್ಣೆ ಇಳಿದಾಗ ಮೇಲೆ ಮೇಲೆ ತುಂಬುತ್ತ ಎರಡು ವರ್ಷ ಬದಲಾಯಿಸದೆ ಓಡಿಸಿದರು. ಪ್ರತಿ ತಿಂಗಳೂ ಯಾವುದೋ ಒಂದು ಖರ್ಚು ಮುಂದೆ ಬಂದು ನಿಲ್ಲುತ್ತಿತ್ತು. ಎಣ್ಣೆ ಹಿಂದೆ ಸರಿಯುತ್ತಿತ್ತು. ಮುಪ್ಪಾದ ಎಣ್ಣೆ ಕೆಸರಿನಂತಾಗಿ ತಳದ ಜಾಲರಿಯನ್ನು ಮುಚ್ಚಿಬಿಟ್ಟಿತು. ಒಂದು ಮಧ್ಯಾಹ್ನ ಕೆಂಪು ದೀಪ ಹತ್ತಿತು. ಮಕ್ಕಳನ್ನು ಮನೆಗೆ ಮುಟ್ಟಿಸಿ ನಿಲ್ಲಿಸೋಣ ಎಂದು ಅವರು ಇನ್ನೂ ಮೂರು ಕಿಲೋಮೀಟರು ಓಡಿಸಿದರು. ಮಕ್ಕಳು ಮನೆ ಮುಟ್ಟಿದವು. ಎಂಜಿನು ಅಲ್ಲೇ ಹಿಡಿದುಕೊಂಡಿತು. ಅದನ್ನು ಬಿಚ್ಚಿ ಕಟ್ಟುವ ಖರ್ಚು ವ್ಯಾನಿನ ಬೆಲೆಯನ್ನೇ ಮೀರಿತು. ಈಗ ಅವರು ಬೇರೆಯವರ ವ್ಯಾನನ್ನು ಸಂಬಳಕ್ಕೆ ಓಡಿಸುತ್ತಿದ್ದಾರೆ. ಬಡತನದಲ್ಲಿ ಮುಂದಕ್ಕೆ ಹಾಕಿದ ಖರ್ಚು ಬಡ್ಡಿಯೊಡನೆ ಹಿಂದಿರುಗಿ ಬರುವುದು ಹೀಗೆ.

ಆ ಕೆಂಪು ದೀಪದ ವಿಷಯವನ್ನು ಎಲ್ಲರೂ ತಿಳಿದಿರಬೇಕು. ನಮ್ಮ ಮನೆಯ ಗಿಂಡಿಯಂತೆ ಸೊಂಡಿಲು ಚಾಚಿ, ತುದಿಯಲ್ಲಿ ಒಂದು ಹನಿ ಇಟ್ಟುಕೊಂಡ ಚಿತ್ರ ಅದು. ಎಣ್ಣೆ ಬದಲಾಯಿಸುವ ದಿನ ಬಂತೆಂದು ನೆನಪಿಸುವ ದೀಪ ಅದಲ್ಲ. ಎಣ್ಣೆಯ ಒತ್ತಡ ಬಿದ್ದುಹೋಗಿದೆ ಎಂಬ ಸೂಚನೆ. ಅದು ಹತ್ತಿದರೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ಎಂಜಿನನ್ನು ಆ ಕ್ಷಣವೇ ಆರಿಸಬೇಕು. ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಓಡಿಸಬಾರದು.

ಎಂಥ ಎಣ್ಣೆ ಹಾಕಬೇಕೆಂಬುದನ್ನೂ ಪುಸ್ತಕವೇ ಹೇಳುತ್ತದೆ. ಡಬ್ಬಿಯ ಮೇಲೆ 20 ಡಬ್ಲ್ಯೂ 40, 5 ಡಬ್ಲ್ಯೂ 30 ಎಂಬಂಥ ಬರಹವಿರುತ್ತದೆ. ಡಬ್ಲ್ಯೂ ಎಂದರೆ ಚಳಿಗಾಲದ ಗುರುತು. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆಂಬುದನ್ನೂ, ಮುಂದಿನ ಸಂಖ್ಯೆ 100 ಡಿಗ್ರಿ ಬಿಸಿಯಲ್ಲಿ ಅದರ ದಪ್ಪ ಎಷ್ಟೆಂಬುದನ್ನೂ ತಿಳಿಸುತ್ತವೆ. ನಮ್ಮದು ಬಿಸಿಲ ನಾಡು, ದಪ್ಪ ಎಣ್ಣೆಯೇ ಇರಲಿ ಎಂದು ಪುಸ್ತಕ ಒಪ್ಪದ ಎಣ್ಣೆಯನ್ನು ಹಾಕುವುದು ತರವಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಮತ್ತೊಂದು ಶೋಧಕವಿದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಆ ಶೋಧಕ ತನ್ನ ಮಸಿಯನ್ನು ಸುಟ್ಟುಕೊಳ್ಳುವಾಗ ಸ್ವಲ್ಪ ಡೀಸೆಲ್ಲು ಎಣ್ಣೆಗೆ ಇಳಿಯುವುದುಂಟು. ಕಡ್ಡಿಯಲ್ಲಿ ಎಣ್ಣೆ ಕಡಿಮೆಯಾಗುವುದರ ಬದಲು ಹೆಚ್ಚಾಗಿದ್ದರೆ ಸಂತೋಷಪಡಬೇಡಿರಿ. ಅದು ಡೀಸೆಲ್ಲು ಬೆರೆತ ಲಕ್ಷಣ.

ಮನೆಯಲ್ಲೇ ಮಾಡಬಹುದಾದ ಒಂದೆರಡು ಕೆಲಸಗಳಿವೆ. ಹದಿನೈದು ದಿನಕ್ಕೊಮ್ಮೆ, ಸಮತಟ್ಟಾದ ನೆಲದಲ್ಲಿ, ಎಂಜಿನು ಆರಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಮೇಲಿನ ಗುರುತನ್ನು ದಾಟಿ ತುಂಬುವುದೂ ಹಾನಿಯೇ. ಎಣ್ಣೆ ಬದಲಾಯಿಸಿದ ದಿನವನ್ನೂ ಮೀಟರಿನ ಅಂಕಿಯನ್ನೂ ಮನೆಯ ವಹಿಯಲ್ಲಿ ಬರೆದಿಡಬೇಕು. ಸೀಲು ಮುರಿಯದ ಡಬ್ಬಿಯನ್ನು ಕಣ್ಣೆದುರು ತೆರೆಸಬೇಕು. ಬರಿದಾದ ಡಬ್ಬಿಯನ್ನು ಕೊಯ್ದು ಹಾಕಬೇಕು, ಇಲ್ಲವಾದರೆ ಅದೇ ಡಬ್ಬಿಗೆ ನಕಲಿ ಎಣ್ಣೆ ತುಂಬಿ ಮತ್ತೆ ಮಾರುವವರಿದ್ದಾರೆ. ಹೊಸ ಫಿಲ್ಟರು ಕೂರಿಸುವಾಗ ಹಳೆಯದರ ರಬ್ಬರು ವಾಷರು ಎಂಜಿನಿಗೆ ಅಂಟಿಕೊಂಡು ಉಳಿದಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಒಂದರ ಮೇಲೊಂದು ಎರಡು ವಾಷರು ಕೂತರೆ ದಾರಿಯ ನಡುವೆ ಎಣ್ಣೆಯೆಲ್ಲ ಸೋರಿಹೋಗುತ್ತದೆ.

ಕೊನೆಯದಾಗಿ, ಹೊರತೆಗೆದ ಎಣ್ಣೆಯ ವಿಷಯ. ನಾವು ಹಣ ಕೊಟ್ಟು ಹೊರಟುಬಿಡುತ್ತೇವೆ. ಕಪ್ಪು ಎಣ್ಣೆ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಕೆಲವೆಡೆ ಅದು ಚರಂಡಿಗೆ ಹೋಗುತ್ತದೆ. ಕೆಲವರು ಗೆದ್ದಲು ಬಾರದಿರಲೆಂದು ಕಂಬಕ್ಕೆ, ಬಾಗಿಲಿಗೆ ಬಳಿಯುತ್ತಾರೆ. ಒಂದು ಗ್ಯಾಲನ್ ಬಳಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಬೇಸಿಗೆಯಲ್ಲಿ ಕೊಳವೆಬಾವಿಯ ಹನಿ ಹನಿಗೆ ಕಾಯುವ ನಮ್ಮ ಊರಿಗೆ ಇದು ದೂರದ ಮಾತಲ್ಲ. ನಮ್ಮ ದೇಶದ ಕಾನೂನಿನಲ್ಲೂ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ. ಅದನ್ನು ಮತ್ತೆ ಶುದ್ಧೀಕರಿಸಿ ಉಪಯೋಗಿಸಬಹುದು. ಹಾಗೆ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವವರ ಮೇಲೂ ಹೊರಿಸಲಾಗಿದೆ. ಹಳೆಯ ಎಣ್ಣೆಯನ್ನು ಪೀಪಾಯಿಯಲ್ಲಿ ಕೂಡಿಟ್ಟು ಅಧಿಕೃತವಾಗಿ ಒಯ್ಯುವವರಿಗೆ ಕೊಡುವ ಗ್ಯಾರೇಜು ಯಾವುದೆಂದು ವಿಚಾರಿಸಿ ಅಲ್ಲಿಗೆ ಹೋಗುವುದು ನಮ್ಮಿಂದಾಗದ ಕೆಲಸವಲ್ಲ.

ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರ ಕೈಗಳನ್ನೂ ನಾವು ನೋಡಬೇಕು. ಬಳಸಿದ ಎಣ್ಣೆಯಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ದ್ರವ್ಯಗಳು ಕೂಡಿಕೊಂಡಿರುತ್ತವೆ. ದಿನವೆಲ್ಲ ಅದರಲ್ಲಿ ಅದ್ದಿದ ಕೈಗಳನ್ನು ಸಂಜೆ ಪೆಟ್ರೋಲಿನಲ್ಲಿ ತೊಳೆದುಕೊಳ್ಳುವ ರೂಢಿಯಿದೆ. ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ರಬ್ಬರಿನ ಕೈಗವಸು, ಒಂದು ಬಟ್ಟಲು ಸಾಬೂನು, ಇಷ್ಟೇ ಬೇಕಾದದ್ದು. ನಮ್ಮ ಚಾಲಕರು ಉಳಿಸಿದ ಹತ್ತು ಸಾವಿರದಲ್ಲಿ ಮೊದಲ ಖರ್ಚಾಗಿ ಉಸ್ತಾದರ ಗ್ಯಾರೇಜಿಗೆ ಒಂದು ಡಬ್ಬಿ ಕೈಗವಸುಗಳನ್ನು ತಂದುಕೊಟ್ಟರು. ಹುಡುಗರು ಮೊದಲ ದಿನ ನಕ್ಕರು, ಈಗ ತೊಟ್ಟುಕೊಳ್ಳುತ್ತಾರೆ.

ಕೇಳುಗರೆ, ಮುಂದೆ ವಿದ್ಯುತ್ತಿನ ಕಾರುಗಳು ಹೆಚ್ಚಿದಂತೆ ಎಂಜಿನ್ ಎಣ್ಣೆಯ ಗೋಜು ಕಡಿಮೆಯಾದೀತು. ಅಲ್ಲಿಯವರೆಗೆ, ನಿಮ್ಮ ಕಾರಿನ ಪೆಟ್ಟಿಗೆಯಲ್ಲಿ ತೆರೆಯದೆ ಬಿದ್ದಿರುವ ಆ ಪುಸ್ತಕವನ್ನು ಈ ಭಾನುವಾರ ಹೊರತೆಗೆದು ಓದಿರಿ. ದೊಡ್ಡ ಅಕ್ಷರವನ್ನೂ ಓದಿರಿ, ಸಣ್ಣ ಅಕ್ಷರವನ್ನೂ ಓದಿರಿ. ಹೋದ ಸಲ ಎಣ್ಣೆ ಬದಲಾಯಿಸಿದ ತಾರೀಖು ನೆನಪಿಲ್ಲವಾದರೆ ಸೋಮವಾರವೇ ಗ್ಯಾರೇಜಿಗೆ ಹೋಗಿ ಬದಲಾಯಿಸಿ, ಅಂದಿನಿಂದ ಹೊಸ ಲೆಕ್ಕ ತೆರೆಯಿರಿ.